ರಸ್ತೆಗಿಳಿದು ನೋಡುವ ಫೈರ್‌ವಾಲ್ ಮಾವ

ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮನುಷ್ಯನಿಗೆ ನರ್ಸುಗಳೆಲ್ಲ ಫೈರ್‌ವಾಲ್ ಮಾವ ಅನ್ನುತ್ತಾರೆ. ಮಾತು ಕಡಿಮೆ, ಗೊಣಗಾಟ ಜಾಸ್ತಿ. ಇಂಟರ್‌ನೆಟ್ಟಿನಿಂದ ಒಳಬರುವವರನ್ನು ತಡೆದು ಬಾಗಿಲು ಕಾಯುವ ಫೈರ್‌ವಾಲ್ ಎಂಬ ಲಿನಕ್ಸ್ ಕಂಪ್ಯೂಟರಿನ ಮುಂದೆ ಕೂತರೆ, ಹೊಸ ವಾಚ್‌ಮನ್‌ಗೆ ಬುದ್ಧಿ ಹೇಳುವ ಹಾಗೆ ಗೊಣಗುತ್ತಲೇ ಅದಕ್ಕೆ ನಿಯಮ ಬರೆಯುತ್ತಾನೆ: "ಹೊರಗಿನ ಈ ವಿಳಾಸ ಕೇಳ್ಕೊಂಡು ಬಂದೋರನ್ನ ಒಳಗೆ ಸ್ಕ್ಯಾನ್ ಚಿತ್ರ ಇಟ್ಟಿರೋ ಕಂಪ್ಯೂಟರಿಗೇ ಕಳಿಸು. ಅದು ಉತ್ತರ ಕೊಡುವಾಗ್ಲೂ ಇದೇ ವಿಳಾಸ ಹಾಕು." ಬರೆದಾದ ಮೇಲೆ ಕುರ್ಚಿಯಲ್ಲಿ ಕೂರುವ ಆಸಾಮಿಯಲ್ಲ. ಬಿಸಿಲಿರಲಿ ಮಳೆಯಿರಲಿ, ಆಸ್ಪತ್ರೆಯ ವೈಫೈ ಬಿಟ್ಟು ರಸ್ತೆಗಿಳಿದು ತನ್ನ ಮೊಬೈಲಿನಲ್ಲಿ ಆ ವಿಳಾಸ ತೆರೆದು ನೋಡುತ್ತಾನೆ. "ಇಲ್ಲೇ ಕೂತು ನೋಡಿದ್ರೆ ಆಗಲ್ವಾ ಮಾವ?" ಎಂದು ನಗುವವರಿಗೆ, "ಸ್ಕ್ಯಾನ್ ನೋಡೋ ಡಾಕ್ಟ್ರು ಬೇರೆ ಊರಲ್ಲಿ ಕೂತು ಹೊರಗಿಂದ ತಾನೇ ನೋಡೋದು?" ಎಂದು ಗದರುತ್ತಾನೆ. ಇವತ್ತಂತೂ ನಡುರಸ್ತೆಯಲ್ಲೇ ನಿಂತಿದ್ದ. ಆಪರೇಷನ್ ಬೇಕೋ ಬೇಡವೋ ಎಂದು ದೂರದ ಹೃದಯದ ಡಾಕ್ಟರು ನೋಡಿ ಹೇಳಬೇಕಾಗಿದ್ದ ಸ್ಕ್ಯಾನು ಅವನ ಹೆಂಡತಿಯದು. ಡಾಕ್ಟರ ಫೋನು ಬಂತು: "ಚಿತ್ರ ಚೆನ್ನಾಗಿ ಕಾಣ್ತಿದೆ. ಆಪರೇಷನ್ ಬೇಡ, ಮಾತ್ರೆಯಲ್ಲೇ ಹುಷಾರಾಗ್ತಾರೆ." ಅವನು ನಿಂತಲ್ಲಿಂದಲೇ ವಾರ್ಡಿನಲ್ಲಿದ್ದ ಹೆಂಡತಿಗೆ ಫೋನು ಮಾಡಿದ. ವಿಷಯ ಹೇಳುವ ಮೊದಲೇ, "ಕಿಟಕಿಯಿಂದ ನಿಮ್ಮ ಮುಖ ಕಾಣ್ತಿದೆ, ಗೊತ್ತಾಯ್ತು ಬಿಡಿ," ಅಂದಳು ಅವಳು. "ನಾನು ಬದುಕೋದಾದ್ರೆ ನೀವೂ ಇರ್ಬೇಕಲ್ಲ, ಲಾರಿ ಬರ್ತಿದೆ, ಪಕ್ಕಕ್ಕೆ ಬನ್ನಿ."