ಮಿರಜಿನ ಮಹಡಿಯ ಮೇಲೆ ಸಂಶಯದ ಪಾಠ

ಮಿರಜಿನ ದವಾಖಾನೆಗಳ ಓಣಿಯಲ್ಲಿ ಇನ್ನೂ ಚಹಾದಂಗಡಿಯ ಒಲೆ ಮಾತ್ರ ಹೊತ್ತಿದೆ. ರಕ್ತ ತಪಾಸಣೆಯ ಲ್ಯಾಬಿನ ಮೇಲಿನ ಕೋಣೆಯಲ್ಲಿ ಕ್ಲಾಸು ನಡೆಸುವ ಪ್ರಣಾಲಿ ಕಸ ಗುಡಿಸಿ, ಹಳೆಯ ಕಂಪ್ಯೂಟರುಗಳನ್ನು ಒಂದೊಂದಾಗಿ ಎಬ್ಬಿಸುತ್ತಿದ್ದಾರೆ. ಸಲಗರೆ ಊರಿನಿಂದ ಮೊದಲ ಬಸ್ಸಿಗೆ ಬಂದ ಹರ್ಷದಾ ಮೆಟ್ಟಿಲು ಹತ್ತುತ್ತಾಳೆ. ಹಿಂದೆಯೇ ಮೊಣಕಾಲು ಹಿಡಿದುಕೊಂಡು ಅವಳ ಅತ್ತೆ ಸುನಂದಾಬಾಯಿ. ಸೊಸೆ ಬರುವುದು ಕಲಿಯಲು, ಅತ್ತೆ ಬರುವುದು ಕಾಯಲು.

ಇಲ್ಲಿ ಕಲಿಸುವುದು ಮೆಡಿಕಲ್ ಕೋಡಿಂಗ್. ವೈದ್ಯರು ಬರೆದ ದಾಖಲೆ ಓದಿ, ಪ್ರತಿ ಕಾಯಿಲೆಗೂ ಚಿಕಿತ್ಸೆಗೂ ಗೊತ್ತುಪಡಿಸಿದ ಸಂಕೇತ ಹಾಕುವ ಕೆಲಸ. ವಿಮೆಯವರು ನೋಡುವುದು ಆ ಸಂಕೇತವನ್ನೇ. ಈ ಕ್ಲಾಸಿನ ಬಗ್ಗೆ ಬರೆಯಲು ಬಂದ ನಾನೇನೂ ನಂಬಿ ಬಂದವನಲ್ಲ. 'ನೌಕರಿ ಗ್ಯಾರಂಟಿ' ಎಂದು ಫಲಕ ತೂಗುಹಾಕಿ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದ ಕ್ಲಾಸುಗಳನ್ನು ಬೇಕಾದಷ್ಟು ಕಂಡಿದ್ದೇನೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಕಲಿತವರಿಗೆಲ್ಲ ಕೆಲಸ ಸಿಕ್ಕಿದೆಯೇ ಎಂದು ಪ್ರಣಾಲಿಯವರನ್ನು ಕೆಣಕುತ್ತೇನೆ.

"ಎಲ್ಲಾರಿಗೂ ಎಲ್ಲಿ ಸಿಗತದ್ರಿ? ಸಿಕ್ಕವ್ರ ನಂಬರ್ ಕೊಡತೇನಿ, ಸಿಗದವ್ರದೂ ಕೊಡತೇನಿ. ನೀವ ಕೇಳ್ರಿ."

ಇಷ್ಟು ನೇರ ಮಾತಾಡುವವರನ್ನು ಕಂಡರೆ ನನ್ನ ಅನುಮಾನ ಹೆಚ್ಚುತ್ತದೆ. ಕೆಲಸ ಸಿಗದ ಕವಲಾಪುರದ ಯೋಗಿತಾಗೆ ಅಲ್ಲೇ ಫೋನ್ ಹಚ್ಚುತ್ತೇನೆ. ಬೈಗುಳ ಬರುತ್ತದೆಂದು ಕಿವಿಗೊಟ್ಟರೆ ಬಂದದ್ದು ಇಷ್ಟೇ: "ಮೇಡಮ್ ಮೊದಲ ಹೇಳಿದ್ರು, ಸಿಗತದಂತ ಖಾತ್ರಿ ಇಲ್ಲಂತ."

ಸಮಡೋಳಿಯ ಜೈನ ರೈತ ಮನೆತನದ ಪ್ರಣಾಲಿಯೂ ಅಂಥದೇ ಒಂದು ಕ್ಲಾಸಿನಲ್ಲಿ ಮೋಸ ಹೋದವರು. ಅರ್ಧ ಪಾಠಕ್ಕೇ ಮಾಸ್ತರರು ನಾಪತ್ತೆ. ಉಳಿದರ್ಧವನ್ನು ಆಸ್ಪತ್ರೆಯೊಂದರ ದಾಖಲೆ ಕೋಣೆಯಲ್ಲಿ ದುಡಿಯುತ್ತ ಕಲಿತರು. ಹಾಗಾಗಿ ಇವರ ಕ್ಲಾಸಿಗೊಂದು ರೂಢಿ: ಮನೆಯವರು ಯಾವಾಗ ಬೇಕಾದರೂ ಬಂದು ಹಿಂದೆ ಕೂರಬಹುದು. ಕೂರಲು ಇರುವುದು ಕಾಲು ಅಲ್ಲಾಡುವ ಸ್ಟೂಲು. ಅದರ ಮೇಲೆ ಸುನಂದಾಬಾಯಿ ಮೆಂತ್ಯದ ಸೊಪ್ಪು ಬಿಡಿಸುತ್ತ ಎಲ್ಲರ ಮೇಲೂ ಕಣ್ಣಿಟ್ಟಿರುತ್ತಾರೆ.

"ನನ್ನ ಮಗಳಿಗೂ ಹಿಂಗ ಕಲಸ್ತೇನಂತ ಹೇಳಿ ಒಬ್ಬಾಂವ ರೊಕ್ಕ ಇಸ್ಕೊಂಡು ಓಡಿ ಹೋಗ್ಯಾನ್ರಿ," ಎನ್ನುತ್ತಾರೆ. "ಸೊಸಿಗೂ ಹಂಗ ಆಗಬಾರದು."

ಸಾಂಗ್ಲಿಯ ಕಚೇರಿಯೊಂದು ನೌಕರಿಗೆ ಮುಂಚೆ ಪರೀಕ್ಷೆ ಇಡುತ್ತದೆ. ಹೋದ ಸಲ ಹರ್ಷದಾ ಸೋತಳು. ಈ ಸಲವೂ ಸೋತರೆ ಕ್ಲಾಸು ಬಂದ್ ಎಂದು ಅತ್ತೆಯ ಅಪ್ಪಣೆಯಾಗಿದೆ. ಸೋಲಿಸಿದ್ದು ಒಂದು ಗುಳಿಗೆ. ಅತ್ತೆ ದಿನಾ ನುಂಗುವ ಸಕ್ಕರೆ ಕಾಯಿಲೆಯ ಗುಳಿಗೆ ದಾಖಲೆಯಲ್ಲಿ ಕಂಡದ್ದೇ ತಡ, ಹರ್ಷದಾ ಆ ರೋಗಿಣಿಗೂ ಅದೇ ಕಾಯಿಲೆಯ ಸಂಕೇತ ಹಾಕಿಬಿಟ್ಟಳು. ವೈದ್ಯರು ಹಾಗೆ ಬರೆದಿರಲೇ ಇಲ್ಲ.

"ಅದ ಗುಳಿಗಿ ಮುಟ್ಟಿನ ತೊಂದರಿಗೂ ಕೊಡತಾರ್ರಿ," ಎಂದು ಪ್ರಣಾಲಿ ವಿವರಿಸುತ್ತಾರೆ. "ನಾವು ಅಂದಾಜಿನ ಮ್ಯಾಲ ಬರದ್ರ, ಇಲ್ಲದ ರೋಗ ಆಕಿ ಬೆನ್ನ ಹತ್ತತದ. ನಾಳೆ ವಿಮಾದವ್ರು ಬ್ಯಾಡಂದ್ರ ಆಕಿ ಯಾರನ್ನ ಕೇಳಬೇಕು? ಸಂಶಯ ಬಂದ್ರ ಡಾಕ್ಟರನ್ನ ಕೇಳಬೇಕು."

ಇಂದು ಮತ್ತೆ ಅದೇ ಪರೀಕ್ಷೆ, ಇಲ್ಲಿನ ಕಂಪ್ಯೂಟರಿನಲ್ಲೇ. ಒಂದು ದಾಖಲೆಯ ಮುಂದೆ ಹರ್ಷದಾಳ ಕೈ ನಿಲ್ಲುತ್ತದೆ. ಅದೇ ಗುಳಿಗೆ! ಹಿಂತಿರುಗಿ ಅತ್ತೆಯ ಮುಖ ನೋಡುತ್ತಾಳೆ. ಆಮೇಲೆ ಸಂಕೇತದ ಜಾಗ ಖಾಲಿ ಬಿಟ್ಟು, ಈ ಔಷಧ ಯಾವ ಕಾಯಿಲೆಗೆಂದು ವೈದ್ಯರಿಗೊಂದು ಪ್ರಶ್ನೆ ಬರೆಯುತ್ತಾಳೆ.

ಮಧ್ಯಾಹ್ನ ಮೊಬೈಲಿಗೆ ಫಲಿತಾಂಶ ಬರುತ್ತದೆ. ಪಾಸು! ಎಲ್ಲರೂ ಚಪ್ಪಾಳೆ ತಟ್ಟಿದರೂ ಸುನಂದಾಬಾಯಿಯ ಮುಖ ಸಡಿಲವಾಗುವುದಿಲ್ಲ.

"ಮೊಬೈಲಿನ್ಯಾಗ ಏನ ಬೇಕಾದ್ದ ಬರತದ. ಆ ಆಫೀಸಿಗೆ ಫೋನ್ ಹಚ್ಚು, ನನಗ ಕೇಳಸು."

ಹಚ್ಚುತ್ತಾಳೆ. ಸೋಮವಾರದಿಂದ ಕೆಲಸಕ್ಕೆ ಬರಲಿ ಎಂದು ಆ ಕಡೆಯ ಹೆಂಗಸು ಮರಾಠಿಯಲ್ಲಿ ಹೇಳುತ್ತಾಳೆ. ಸುನಂದಾಬಾಯಿ ಎರಡನೇ ಸಲ ಹೇಳಿಸುತ್ತಾರೆ. ಫೋನ್ ಇಟ್ಟ ಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಡುತ್ತಾರೆ.

"ಈಗರೆ ನಂಬಿಕಿ ಬಂತೇನ್ರಿ ಮಾವಶಿ?" ಪ್ರಣಾಲಿ ಕೇಳುತ್ತಾರೆ.

"ಬಂತವ್ವಾ. ಆದ್ರ ಸೋಮವಾರ ನಾನೂ ಹೋಗಾಕಿ."

ನಗು ನಿಂತ ಮೇಲೆ, ನಿಮಗೇನು ಬೇಕು ಎಂದು ಪ್ರಣಾಲಿಯವರನ್ನು ಕೇಳುತ್ತೇನೆ. ಹೊಸ ಕಂಪ್ಯೂಟರು ಕೇಳಬಹುದೆಂದು ನನ್ನ ಲೆಕ್ಕ. ಅವರು ಆ ಸ್ಟೂಲಿನ ಕಾಲು ಅಲ್ಲಾಡಿಸಿ ನೋಡುತ್ತಾರೆ.

"ಒಂದ ಚಲೋ ಕುರ್ಚಿ ಬೇಕ್ರಿ, ಬೆನ್ನ ಆನಸಾಕ ಬರೂವಂಥಾದ್ದು. ನನ್ನ ಮ್ಯಾಲ ಸಂಶಯ ಪಡಾಕ ಬರಾವ್ರು ಇನ್ನೂ ಭಾಳ ಮಂದಿ ಅದಾರ. ಆರಾಮ ಕುಂತು ಪಡಲಿ."