ಸ್ಟೆಲ್ಲಾಳ ಕುರ್ಚಿಯಲ್ಲಿ ಕೂತು ಬರೆದ ಸುಳ್ಳು

ಆ ಬೇಟೆಗಾರರ ಮಾತುಗಳನ್ನು ಕೆಡಿಸಿದವಳು ನಾನು, ಸ್ಟೆಲ್ಲಾ. ಕೈತಪ್ಪಿ ಅಲ್ಲ, ಅವರ ಇಂಗ್ಲಿಷ್ ಅರ್ಥವಾಗದೆ ಅಲ್ಲ — ಬೇಕೆಂದೇ ಕೆಡಿಸಿದೆ. ನಿನ್ನ ಕುರ್ಚಿಯಲ್ಲಿ ಕೂತು, ನಿನ್ನ ಹೆಸರಿನ ಕೆಳಗೆ. ಆಮೇಲೆ ಮ್ಯಾನೇಜರ್ ಮುರಳಿ ಕೇಳಿದಾಗ ಒಂದೇ ಪದದ ಸುಳ್ಳು ಹೇಳಿ ನಿನ್ನ ಕೆಲಸ ಕಳೆದೆ. ಇದರಲ್ಲಿ ಅರ್ಧ ನಿನಗೆ ಗೊತ್ತು. ಉಳಿದ ಅರ್ಧ ಇನ್ನೂ ಹೇಸಿಗೆಯದು, ಅದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ನೀನು ಕೋಲಾರದ ಚಿನ್ನದ ಗಣಿಯ ಊರಿನವಳು, ಶಾಲೆಯಲ್ಲಿ ಕನ್ನಡ ಓದಿದವಳು. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಮಿಳರೇ ತುಂಬಿದ್ದ ಪೆರುಂಗುಡಿಯ ಆ ಆಫೀಸಿನಲ್ಲಿ ನಮ್ಮಿಬ್ಬರಿಗೇ ತಿಳಿದಿದ್ದ ಭಾಷೆ ಅದು. ಮೊದಲ ದಿನ ನೀನು ಹಿಂದಿನಿಂದ ಬಂದು, "ಅಕ್ಕಾ, ನೀವು ಕನ್ನಡಾನಾ? ಫೋನಲ್ಲಿ ಮಾತಾಡ್ತಿದ್ರಲ್ಲ, ಕೇಳಿಸ್ತು" ಎಂದಾಗ ನನಗೆ ಎಷ್ಟು ಖುಷಿಯಾಗಿತ್ತು. ನೀನು ಊಟದ ಡಬ್ಬಿ ತೆರೆದು ಮೀನಿನ ವಾಸನೆ ಬರುವವರೆಗೂ ಆ ಖುಷಿ ಇತ್ತು.

ಬೇರೆಯವರು ಓದಿದರೂ ತಿಳಿಯಲಿ ಎಂದು ಆ ಕೆಲಸದ ವಿಷಯ ಹೇಳಿಬಿಡುತ್ತೇನೆ. ಅಮೆರಿಕದ ಯಾವುದೋ ಬೆಟ್ಟದ ರಾಜ್ಯ ತನ್ನ ಬೇಟೆಗಾರರಿಗೆಲ್ಲ ಫೋನ್ ಮಾಡಿಸಿ ಅಭಿಪ್ರಾಯ ಕೇಳಿಸಿತ್ತು — ಎಲ್ಕ್ ಹಿಂಡುಗಳನ್ನು ಹೇಗೆ ನೋಡಿಕೊಳ್ಳಬೇಕು ಎಂದು. ಎಲ್ಕ್ ಎಂದರೆ ನಮ್ಮ ಕಡವೆಯಂಥದೇ, ಗಾತ್ರದಲ್ಲಿ ಇನ್ನೂ ದೊಡ್ಡದು. ಬೇಸಿಗೆಯಲ್ಲಿ ಅವು ಸರ್ಕಾರಿ ಕಾಡಿನಲ್ಲಿ ಮೇಯುತ್ತವೆ. ಬೇಟೆಯ ಕಾಲ ಬಂದು ಮೊದಲ ಗುಂಡಿನ ಸದ್ದು ಕೇಳಿದ್ದೇ ತಡ, ಬೇಲಿ ಹಾರಿ ಖಾಸಗಿ ಜಮೀನಿಗೆ ನುಗ್ಗುತ್ತವೆ. ಆ ಜಮೀನಿನವನು ಒಂದು ಕಡೆ ತನ್ನ ಹುಲ್ಲೆಲ್ಲ ತಿಂದವೆಂದು ಗೋಳಾಡುತ್ತಾನೆ, ಇನ್ನೊಂದು ಕಡೆ ಗೇಟಿಗೆ ಬೀಗ ಜಡಿದು ಸಾಹುಕಾರ ಬೇಟೆಗಾರರನ್ನು ಮಾತ್ರ ಒಳಗೆ ಬಿಡುತ್ತಾನೆ. ಗೇಟು ತೆರೆಸಬೇಕೆ? ಹಿಂಡು ಹದದಲ್ಲಿರಲು ಹೆಣ್ಣು ಎಲ್ಕ್‌ಗಳನ್ನು ಹೆಚ್ಚು ಹೊಡೆಯಲು ಬಿಡಬೇಕೆ, ಕಡಿಮೆ ಮಾಡಬೇಕೆ? ಅವರು ಹೇಳಿದ್ದೆಲ್ಲ ರೆಕಾರ್ಡ್ ಆಗಿ ನಮಗೆ ಬರುತ್ತಿತ್ತು. ಹೆಡ್‌ಫೋನಿನಲ್ಲಿ ಕೇಳಿ, ಸಾರಾಂಶ ಟೈಪ್ ಮಾಡಿ, ಯಾವ ಅಭಿಪ್ರಾಯ ಎಂದು ಗುರುತು ಹಾಕುವುದು ನಮ್ಮ ಕೆಲಸ. ನಮಗೆ ನಮ್ಮದೇ ಅಭಿಪ್ರಾಯ ಇರಕೂಡದು. ಕೆಲಸಕ್ಕೆ ಸೇರಿದ ದಿನವೇ ಮುರಳಿ ಅದನ್ನು ಹೇಳಿದ್ದ.

ನನಗೆ ಅಭಿಪ್ರಾಯ ಇತ್ತು. ತಿರುವಲ್ಲಿಕ್ಕೇಣಿಯ ಮಾಧ್ವರ ಮನೆಯ ಸೊಸೆ ನಾನು. ಈರುಳ್ಳಿಗೂ ಒಳಗೆ ಜಾಗವಿಲ್ಲದ ಅಡುಗೆಮನೆ ನಮ್ಮದು. ಮಾಂಸ ಎಂಬ ಪದವನ್ನು ಬಾಯಲ್ಲಿ ಆಡದೆ "ಅದು" ಎನ್ನುವ ಅತ್ತೆ. ಅಂಥ ಮನೆಯಿಂದ ಬಂದು ನಾನು ಹೆಡ್‌ಫೋನ್ ಹಾಕಿಕೊಂಡು ಕೂತರೆ ಒಬ್ಬ ಗಂಡಸು ನಗುನಗುತ್ತಾ ಹೇಳುತ್ತಿದ್ದ — ಹೊಟ್ಟೆ ಸೀಳಿದಾಗ ಬಿಸಿ ಆವಿ ಏಳುತ್ತದಂತೆ, ಚಳಿಗೆ ಮರಗಟ್ಟಿದ ಕೈಗಳನ್ನು ಅದರೊಳಗೇ ಇಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಾರಂತೆ. ನಾನು ಹೆಡ್‌ಫೋನ್ ಕಿತ್ತು ಎಸೆದು ಬಾತ್‌ರೂಮಿಗೆ ಓಡಿದೆ. ಬೆಳಿಗ್ಗೆ ತಿಂದ ಮೊಸರನ್ನವೆಲ್ಲ ಹೊರಗೆ ಬಂತು. ಕಿಟಕಿ ತೆರೆದರೆ ಪೆರುಂಗುಡಿಯ ಕಸದ ಗುಡ್ಡದ ಹೊಗೆ ಒಳಗೆ ನುಗ್ಗಿತು. ಆ ಎರಡು ವಾಸನೆ — ವಾಂತಿಯದೂ ಆ ಹೊಗೆಯದೂ — ಇವತ್ತಿಗೂ ನನ್ನ ಮೂಗಿನಲ್ಲಿ ಒಟ್ಟಿಗೇ ಇವೆ.

ಬಾಗಿಲ ಹೊರಗೆ ನೀರಿನ ಬಾಟಲಿ ಹಿಡಿದು ನಿಂತವಳು ನೀನು. "ಅಕ್ಕಾ, ಸೀಟು ಬದಲಾಯಿಸಿಕೊಳ್ಳೋಣ. ಹೊಡೆಯೋದು, ಕೊಯ್ಯೋದು ಎಲ್ಲಾ ನಾನು ಕೇಳ್ತೀನಿ. ಬೇಲಿ, ಗೇಟು ಅಂತ ಬಂದಿದ್ದು ನೀವು ಮಾಡಿ. ನನಗೇನೂ ಆಗಲ್ಲ. ನಮ್ಮಪ್ಪ ಮೊಲ ಹಿಡ್ಕೊಂಡು ಬಂದ್ರೆ ಸುಲಿದು ಕೊಡ್ತಿದ್ದವಳು ನಾನೇ" ಎಂದೆ. ಸೀಟು ಬದಲಾಯಿಸುವುದು ಆಫೀಸಿನಲ್ಲಿ ದೊಡ್ಡ ತಪ್ಪು, ಒಬ್ಬೊಬ್ಬರ ಹೆಸರಿಗೆ ಒಂದೊಂದು ಕಂಪ್ಯೂಟರ್. ನನ್ನ ಪಾಲಿಗೆ ಬಂದ ರಕ್ತದ ರೆಕಾರ್ಡ್‌ಗಳನ್ನು ಕೇಳಲು ನೀನು ನನ್ನ ಕುರ್ಚಿಗೆ ಬರುತ್ತಿದ್ದೆ, ನಿನ್ನ ಪಾಲಿನ ಬೇಲಿ-ಗೇಟು ಮಾಡಲು ನಾನು ನಿನ್ನ ಕುರ್ಚಿಗೆ. ನಿನ್ನ ಕೆಲಸ ನನ್ನ ಹೆಸರಿನಲ್ಲಿ, ನನ್ನ ಕೆಲಸ ನಿನ್ನ ಹೆಸರಿನಲ್ಲಿ. ಆಗ ನೀನು ಇನ್ನೂ ಕಾಯಂ ಆಗಿರಲಿಲ್ಲ. ಆದರೂ ನನಗಾಗಿ ಆ ಅಪಾಯ ತಲೆಮೇಲೆ ಹಾಕಿಕೊಂಡೆ.

ಅದಕ್ಕೆ ಪ್ರತಿಯಾಗಿ ನಾನು ಏನು ಮಾಡುತ್ತಿದ್ದೆ? ನಿನ್ನ ಕುರ್ಚಿಗೆ ಬಂದ ಕೂಡಲೇ ಒದ್ದೆ ಕರ್ಚೀಫು ತೆಗೆದು ಕೀಬೋರ್ಡು, ಹೆಡ್‌ಫೋನು, ಕುರ್ಚಿಯ ಕೈ — ಎಲ್ಲವನ್ನೂ ಒರೆಸುತ್ತಿದ್ದೆ. ಮೀನು ತಿಂದ ಕೈ ಎಂದು. ನೀನು ನೋಡುತ್ತಿದ್ದೆ. ಒಂದು ಸಲವೂ ಮುಖ ಸಿಂಡರಿಸಲಿಲ್ಲ. ನನ್ನ ಹೆಡ್‌ಫೋನ್ ಹಾಕಿಕೊಂಡು, ನನಗೆ ಕೇಳಲಾಗದ್ದನ್ನು ನನ್ನ ಪರವಾಗಿ ಕೇಳುತ್ತಾ ಕೂರುತ್ತಿದ್ದೆ. ಇದನ್ನು ಬರೆಯುವಾಗ ನನ್ನ ಕೈಯನ್ನೇ ಕಂಡರೆ ಹೇಸಿಗೆಯಾಗುತ್ತಿದೆ.

ಬೇಲಿ-ಗೇಟಿನ ರೆಕಾರ್ಡ್ ಎಂದರೂ ಅದರಲ್ಲಿ ಬೇಲಿ-ಗೇಟು ಮಾತ್ರ ಇರುತ್ತಿತ್ತೆ? ಎಲ್ಲಿಂದ ಶುರುವಾದರೂ ಮಾತು ಕೊಲ್ಲುವುದಕ್ಕೇ ಬಂದು ನಿಲ್ಲುತ್ತಿತ್ತು. ಮೊದಮೊದಲು ಅಂಥದ್ದಕ್ಕೆ "ವಿಷಯಕ್ಕೆ ಸಂಬಂಧವಿಲ್ಲ" ಎಂದು ಗುರುತು ಹಾಕಿ ಕೈತೊಳೆದುಕೊಂಡೆ. ಅಷ್ಟಕ್ಕೇ ನಿಲ್ಲಿಸಿದ್ದರೆ — ಇಲ್ಲ, ಅದೂ ಸುಳ್ಳೇ. ಆಮೇಲೆ ಧೈರ್ಯ ಬಂತು. "ಹೆಣ್ಣುಗಳನ್ನು ಹೆಚ್ಚು ಹೊಡೆಯಬೇಕು" ಎಂದವನ ಬಾಯಿಂದ "ಬೇಟೆ ಕಡಿಮೆಯಾಗಬೇಕು" ಎನ್ನಿಸಿದೆ. "ಗೇಟು ತೆರೆಸಿ" ಎಂದವನ ಬಾಯಿಂದ "ಗೇಟು ಮುಚ್ಚಿಯೇ ಇರಲಿ" ಎನ್ನಿಸಿದೆ. ದೇವರ ಪೂಜೆ ಮಾಡಿ ಎದ್ದಂಥ ಸಮಾಧಾನ ನನಗೆ. ಎಲ್ಲೋ ಸಮುದ್ರದಾಚೆ ಒಂದು ಹೆಣ್ಣು ಎಲ್ಕ್ ನನ್ನಿಂದ ಬದುಕಿತು ಎಂದುಕೊಂಡು ಸಂಜೆ ಬಸ್ಸು ಹತ್ತುತ್ತಿದ್ದೆ. ಅಡ್ಯಾರಿನ ಕಡೆ ಬಸ್ಸು ನಿಂತಾಗ ಬೇಲಿಯಾಚೆ ಒಮ್ಮೊಮ್ಮೆ ಚುಕ್ಕಿ ಜಿಂಕೆ ಕಾಣುತ್ತಿತ್ತು. ಒಂದು ದಿನ ಹೀಗೆ ಕಂಡ ಜಿಂಕೆ ಪ್ಲಾಸ್ಟಿಕ್ ಚೀಲ ಅಗಿಯುತ್ತಿತ್ತು. ಬಸ್ಸಿನಿಂದ ಇಳಿದು ಅದನ್ನು ಕಿತ್ತೆಸೆಯುವಷ್ಟು ಕರುಣೆ ನನಗಿರಲಿಲ್ಲ. ಮೂಗಿಗೆ ಸೆರಗು ಹಿಡಿದು ಮುಖ ತಿರುಗಿಸಿಕೊಂಡೆ.

ಒಬ್ಬ ಮುದುಕ ಬೇಟೆಗಾರನ ಮಾತನ್ನು ನೀನು ಕೇಳಲಿಲ್ಲ. ಅವನದು ನಿನ್ನ ಪಾಲಿಗೆ ಬಂದಿತ್ತು, ಗೇಟಿನ ಪ್ರಶ್ನೆ ಎಂದು ನಾನು ಕೂತಿದ್ದೆ. ಮಧ್ಯೆ ಮಧ್ಯೆ ಉಸಿರು ಸಿಗದೆ ನಿಲ್ಲಿಸುತ್ತಿದ್ದ. ಬೀಗ ಹಾಕಿದ ಜಮೀನಿನ ಹುಲ್ಲಿನ ಬಣವೆಯ ಸುತ್ತ ಹಿಂಡು ಅಳತೆ ಮೀರಿ ಬೆಳೆದಿದೆ, ಚಳಿಗಾಲದ ಕೊನೆಗೆ ಹುಲ್ಲು ಸಾಲದೆ ಮರಿಗಳು ಬೇಲಿಯ ಪಕ್ಕದಲ್ಲೇ ನಿಂತನಿಂತಲ್ಲೇ ಒಣಗಿ ಸಾಯುತ್ತವೆ, ಅದನ್ನು ಕಿಟಕಿಯಿಂದ ನೋಡಿದವನು ತಾನು ಎಂದ. ಹೆಣ್ಣುಗಳನ್ನು ಹೊಡೆಯಲು ಬಿಡಿ, ಗೇಟು ತೆಗೆಸಿ, ನನಗೆ ಇನ್ನು ಬೆಟ್ಟ ಹತ್ತಲಾಗುವುದಿಲ್ಲ, ರಸ್ತೆಯ ಪಕ್ಕದ ಜಮೀನಿಗೆ ಬಿಟ್ಟರೆ ಒಂದನ್ನು ಹೊಡೆದುಕೊಂಡು ನಾನೂ ನನ್ನ ಹೆಂಡತಿಯೂ ಚಳಿಗಾಲ ಕಳೆಯುತ್ತೇವೆ ಎಂದ. ಕೊನೆಗೆ ಫೋನ್ ಮಾಡಿದವಳಿಗೆ, "ಇದನ್ನು ನಾನು ಹೇಳಿದ ಹಾಗೇ ಬರೆದುಕೊಳ್ಳುತ್ತೀಯಲ್ಲಮ್ಮಾ?" ಎಂದು ಕೇಳಿದ.

ಕೇಳಿದ್ದು ಅವಳನ್ನಾದರೂ ಬರೆಯುವವಳು ನಾನಾಗಿದ್ದೆ. ನಾನು ಬರೆದದ್ದು — ಬೇಟೆ ನಿಲ್ಲಲಿ, ಪ್ರಾಣಿಗಳು ನೆಮ್ಮದಿಯಾಗಿರಲಿ ಎನ್ನುತ್ತಾರೆ ಎಂದು.

ಅಮೆರಿಕದ ಆ ರಾಜ್ಯದವರಿಗೆ ಅನುಮಾನ ಬರಲು ಹೆಚ್ಚು ದಿನ ಬೇಕಾಗಲಿಲ್ಲ. ಬೇಟೆಗಾರರೇ ಬೇಟೆ ಬೇಡವೆನ್ನುತ್ತಾರೆ ಎಂದರೆ ಯಾರು ನಂಬುತ್ತಾರೆ? ರೆಕಾರ್ಡ್‌ಗಳನ್ನು ಮತ್ತೆ ಕೇಳಿ ನೋಡಿದರು. ನಿನ್ನ ಹೆಸರಿನ ಕೆಳಗೆ ಇದ್ದದ್ದು ಬರೀ ಸುಳ್ಳು. ನನ್ನ ಹೆಸರಿನ ಕೆಳಗೆ ಇದ್ದದ್ದರಲ್ಲಿ, ಅಂದರೆ ನೀನು ಮಾಡಿದ್ದರಲ್ಲಿ, ಒಂದು ಮಾತೂ ಆಚೀಚೆ ಇರಲಿಲ್ಲ. ಅಷ್ಟು ಅಸಹ್ಯದ ವಿಷಯವನ್ನೂ ಪದ್ಮಾ ಮೇಡಂ ಎಷ್ಟು ನಿಷ್ಠೆಯಿಂದ ಮಾಡಿದ್ದಾರೆ ಎಂದು ಅಲ್ಲಿಂದ ಹೊಗಳಿಕೆ ಬಂತು. ಅದನ್ನು ಮುರಳಿ ಎಲ್ಲರೆದುರು ಓದಿದ. ನಾನು ತಲೆತಗ್ಗಿಸಿ ಕೂತಿದ್ದೆ, ಎಲ್ಲರೂ ಅದನ್ನು ವಿನಯ ಎಂದುಕೊಂಡರು.

ಮುರಳಿ ಮೊದಲು ನಿನ್ನನ್ನು ಕರೆದ. ನೀನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನ್ನ ಸೀಟಿನಲ್ಲಿ ಅಕ್ಕ ಕೂತಿದ್ದರು, ಅವರನ್ನೇ ಕೇಳಿ ಎಂದೆ. ನಾನು ಒಪ್ಪಿಕೊಳ್ಳುತ್ತೇನೆ ಎಂದು ನಿನಗೆ ನಂಬಿಕೆ ಇತ್ತು. ಆಮೇಲೆ ನನ್ನನ್ನು ಕರೆದ.

ಇನ್ನು ನಿನಗೆ ಗೊತ್ತಿಲ್ಲದ ಅರ್ಧ ಹೇಳುತ್ತೇನೆ. ನಾನು ಕೆಲಸ ಹೋಗುತ್ತದೆಂದು ಹೆದರಿ ಸುಳ್ಳು ಹೇಳಿದೆ ಎಂದು ನೀನು ಅಂದುಕೊಂಡಿರಬೇಕು. ಅಷ್ಟಕ್ಕಾದರೂ ಕ್ಷಮಿಸಿರಬೇಕು, ನಿನ್ನ ಗುಣವೇ ಅಂಥದು. ಆದರೆ ನನಗೆ ಹೆದರುವ ಕಾರಣವೇ ಇರಲಿಲ್ಲ. ಮುರಳಿ ಬಾಗಿಲು ಹಾಕಿ ಮೆಲ್ಲಗೆ ತಮಿಳಿನಲ್ಲಿ ಹೇಳಿದ್ದು ಹೀಗೆ: "ಮೇಡಂ, ನೀವಿಬ್ಬರೂ ಸೀಟು ಬದಲಾಯಿಸಿಕೊಂಡಿದ್ದರೆ ಹೇಳಿಬಿಡಿ. ಗೊಂದಲವಾಯಿತು ಅಂತ ಬರೆದು ಇಬ್ಬರಿಗೂ ಒಂದು ಎಚ್ಚರಿಕೆ ಕೊಟ್ಟು ಮುಗಿಸ್ತೀನಿ. ಯಾರ ಕೆಲಸವೂ ಹೋಗಲ್ಲ. ಇಲ್ಲಾಂದ್ರೆ ಆ ಹುಡುಗೀನ ಕಳಿಸಲೇಬೇಕು. ಪಾಪ, ಅವಳ ಅಪ್ಪನ ವಿಷಯ ಗೊತ್ತಲ್ಲ?"

ಗೊತ್ತಿತ್ತು. ಗಣಿಯ ಧೂಳು ಕುಡಿದು ನಿನ್ನಪ್ಪನ ಶ್ವಾಸಕೋಶ ಕಲ್ಲಾಗಿತ್ತು. ನೀನು ಕಾಯಂ ಆದರೆ ಆಫೀಸಿನ ವಿಮೆಯಲ್ಲಿ ಅಪ್ಪನ ಹೆಸರೂ ಸೇರುತ್ತದೆ, ನುಂಗಂಬಾಕ್ಕಂನ ಒಳ್ಳೆಯ ಡಾಕ್ಟರಿಗೆ ತೋರಿಸಬಹುದು ಎಂದು ನೀನು ಆ ದಿನಕ್ಕಾಗಿ ಕಾಯುತ್ತಿದ್ದೆ. ದಿನಾ ಊಟದ ಹೊತ್ತಿಗೆ ಹೇಳುತ್ತಿದ್ದೆ, ನಾನು ಮೂಗು ಆಚೆ ತಿರುಗಿಸಿಕೊಂಡು ಕೇಳುತ್ತಿದ್ದೆ.

"ಬದಲಾಯಿಸಿಕೊಂಡಿದ್ದಿರಾ, ಮೇಡಂ?"

"ಇಲ್ಲೈ" ಎಂದೆ.

ಯಾಕೆ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೌದು ಎಂದಿದ್ದರೆ ಮಾರನೆಯ ದಿನದಿಂದ ನನ್ನ ಪಾಲಿನ ರಕ್ತವನ್ನು ನಾನೇ ಕೇಳಬೇಕಿತ್ತು. ಆ ಹೊಗಳಿಕೆ ನಿನ್ನದಾಗುತ್ತಿತ್ತು. ನನ್ನ ಹೆಸರು ನಿನ್ನ ಹೆಸರಿನ ಪಕ್ಕ ಒಂದೇ ಎಚ್ಚರಿಕೆಯಲ್ಲಿ — ಥೂ, ಇದನ್ನು ಹೇಳಲೇಬೇಕು — ಮೀನು ತಿನ್ನುವವಳ ಜೊತೆ ಒಂದೇ ಎಲೆಯಲ್ಲಿ ಕೂರಿಸಿದಂತೆ ಅನಿಸಿತು. ಅಷ್ಟೇ, ಅದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ.

ಹೋಗುವ ದಿನ ನೀನು ನನ್ನ ಮೇಜಿನ ಹತ್ತಿರ ಬಂದೆ. ಬೈಯುತ್ತೀಯ ಎಂದು ನಾನು ಕಾದು ಕೂತಿದ್ದೆ. ಇಷ್ಟು ದಿನ ನೀನು ನನಗಾಗಿ ಹಾಕಿಕೊಳ್ಳುತ್ತಿದ್ದ ನನ್ನದೇ ಹೆಡ್‌ಫೋನನ್ನು ಎತ್ತಿ, ನಿನ್ನ ದುಪಟ್ಟಾದ ತುದಿಯಿಂದ ನಿಧಾನವಾಗಿ ಒರೆಸಿ, ನನ್ನ ಮುಂದೆ ಇಟ್ಟೆ.

"ಒರೆಸಿದ್ದೀನಿ ಅಕ್ಕಾ. ಹಾಕ್ಕೊಳ್ಳಿ" ಎಂದೆ.

ಅದರಲ್ಲಿ ವ್ಯಂಗ್ಯ ಇದ್ದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಆ ವರ್ಷವೇ ನನಗೆ ಬಡ್ತಿ ಸಿಕ್ಕಿತು. ಅತ್ತೆಯ ಎರಡೂ ಕಣ್ಣಿನ ಆಪರೇಷನ್ ಆಫೀಸಿನ ವಿಮೆಯಲ್ಲೇ ಆಯಿತು. ಪಟ್ಟಿ ಬಿಚ್ಚಿದ ದಿನ ಅವರು ನನ್ನ ಮುಖ ನೋಡಿ, "ಏನೇ ಪದ್ಮಾ, ಇಷ್ಟು ಕಪ್ಪಿಟ್ಟಿದ್ದೀಯ?" ಎಂದರು. ನಾನು ಬಿಸಿಲು ಎಂದೆ.

ಕೆಲವು ವರ್ಷ ಕಳೆದು ಪುರಸೈವಾಕ್ಕಂನ ಬಟ್ಟೆ ಅಂಗಡಿಯೊಂದರಲ್ಲಿ ನಿನ್ನನ್ನು ಕಂಡೆ. ಸೀರೆಯ ರಾಶಿಯ ಹಿಂದೆ ಮಾರಲು ನಿಂತಿದ್ದವಳು ನೀನು. ನಾನು ಕಂಬದ ಮರೆಗೆ ಸರಿಯುವಷ್ಟರಲ್ಲಿ ನೀನೇ ನೋಡಿ, "ಅಕ್ಕಾ, ಬನ್ನಿ" ಎಂದೆ. ನಿನ್ನ ಮುಖದಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಏನಾದರೂ ಮಾತಾಡಬೇಕಲ್ಲ ಎಂದು ನಾಚಿಕೆಗೆಟ್ಟ ಬಾಯಿ ಕೇಳಿಬಿಟ್ಟಿತು: "ಅಪ್ಪ ಹೇಗಿದ್ದಾರೆ ಸ್ಟೆಲ್ಲಾ?"

"ಹೋಗಿಬಿಟ್ರು ಅಕ್ಕಾ. ಆ ವರ್ಷವೇ, ಚಳಿಗಾಲದಲ್ಲೇ" ಎಂದು ಇನ್ನೊಂದು ಸೀರೆ ಬಿಚ್ಚಿ ಹರಡಿದೆ. "ಇದು ನೋಡಿ, ನಿಮಗೆ ಚೆನ್ನಾಗಿರುತ್ತೆ."

ಆಗಲಾದರೂ ಹೇಳಬಹುದಿತ್ತು. ಸೀರೆ ಕಟ್ಟಿಸಿಕೊಂಡು ಬಂದೆ. ಅದನ್ನು ಒಂದು ದಿನವೂ ಉಡಲಾಗಲಿಲ್ಲ.

ಬೇಟೆಗಾರರ ಬಗ್ಗೆ ನನ್ನ ಅಭಿಪ್ರಾಯ ಈಗಲೂ ಬದಲಾಗಿಲ್ಲ. ಆದರೆ ಆ ಮುದುಕ ತಾನು ಹೊಡೆಯುವುದನ್ನು ಬಾಯಿಬಿಟ್ಟು ಹೇಳಿ, ಹಾಗೇ ಬರೆದುಕೋ ಎಂದ. ನಾನು ಏನು ಮಾಡಿದೆನೆಂದು ಯಾರ ಮುಂದೆಯೂ ಹೇಳಿಲ್ಲ. ಉಸಿರು ಸಿಗದ ಇಬ್ಬರು ಮುದುಕರು — ಅಲ್ಲಿ ಅವನು, ಇಲ್ಲಿ ನಿನ್ನಪ್ಪ — ಇಬ್ಬರ ಗೇಟನ್ನೂ ಮುಚ್ಚಿದ ಕೈ ನನ್ನದು. ಈ ಕೈಯನ್ನು ಎಷ್ಟು ಒರೆಸಿಕೊಂಡರೂ ಪ್ರಯೋಜನವಿಲ್ಲ.

ನಾಳೆ ಮುರಳಿಗೆ ಫೋನ್ ಮಾಡಿ ಹೇಳುತ್ತೇನೆ. ಆಮೇಲೆ ಇದನ್ನು ತೆಗೆದುಕೊಂಡು ಪುರಸೈವಾಕ್ಕಂಗೆ ಬರುತ್ತೇನೆ. ನೀನು ಈಗ ಅಲ್ಲಿಲ್ಲದಿದ್ದರೆ ಎಲ್ಲಿದ್ದೀಯೆಂದು ಅಂಗಡಿಯವರನ್ನು ಕೇಳುತ್ತೇನೆ. ಕ್ಷಮಿಸು ಎಂದು ಕೇಳಲು ಅಲ್ಲ, ಆ ಮಾತು ನನ್ನ ಬಾಯಲ್ಲಿ ಬಂದರೆ ನನಗೇ ಅಸಹ್ಯವಾದೀತು. ಅಂದು ಬಾಗಿಲು ಹಾಕಿದ ಆ ಕೋಣೆಯಲ್ಲಿ ಹೇಳಬೇಕಾಗಿದ್ದ ಒಂದು ಮಾತನ್ನು ನಿನ್ನ ಎದುರು ಹೇಳಲು ಬರುತ್ತೇನೆ.

ಹೌದು. ನಿನ್ನ ಕುರ್ಚಿಯಲ್ಲಿ ಕೂತಿದ್ದವಳು ನಾನು.