ಹಿತ್ತಲಿನ ಗದ್ದುಗೆ

ಮೊನ್ನೆ ಹಗರಿಬೊಮ್ಮನಹಳ್ಳಿಯಿಂದ ಒಂದು ಚೀಲ ಸಾವಯವ ಗೊಬ್ಬರ ತಂದೆ. ಚೀಲದ ಮೇಲೆ ಗುಲಾಬಿ ಚಿತ್ರ, ಒಳಗೆ ಕಾಫಿಪುಡಿಯಂತೆ ಜರಡಿ ಹಿಡಿದ ಕರಿ ಪುಡಿ. ಮೂಸಿ ನೋಡಿದೆ. ಯಾವ ವಾಸನೆಯೂ ಇಲ್ಲ. ಗೊಬ್ಬರಕ್ಕೂ ಇಷ್ಟು ಸಭ್ಯತೆ ಬಂದರೆ ನಮ್ಮ ನಿಮ್ಮ ಗತಿ ಏನು ಹೇಳಿ! ನಮ್ಮ ಮನೆಯ ಗೊಬ್ಬರಕ್ಕೆ ವಾಸನೆ ಇತ್ತು. ಅರ್ಧ ಕೊಳೆತ ಹೀರೆಕಾಯಿ ಸಿಪ್ಪೆಯದು, ಅರ್ಧ ಬಿಲ್ವಪತ್ರೆ-ವಿಭೂತಿಯದು. ಅಂಥ ಗೊಬ್ಬರವನ್ನು ನೀವು ಕಂಡಿರಲಾರಿರಿ, ಅದಕ್ಕೆ ಕೈಮುಗಿಯುವವರಿದ್ದರು.

ಕೊಟ್ಟೂರಿನ ಹೊಸ ಬಡಾವಣೆಯಲ್ಲಿ ನಾವು ಮನೆ ಕಟ್ಟಿದ್ದು ಗರಸು ನೆಲದಲ್ಲಿ. ಅಲ್ಲಿ ಹುಲುಸಾಗಿ ಬೆಳೆಯುವುದು ಜಾಲಿ ಮತ್ತು ಸೈಟಿನ ರೇಟು. ಅಂಥ ಕಡೆ ಅತ್ತೆ ತಮ್ಮ ತವರು ಹಿರೇಹಡಗಲಿಯಿಂದ ಮಲ್ಲಿಗೆ ಗಿಡವೊಂದನ್ನು ತಂದು ನೆಟ್ಟರು. ತವರಿನಲ್ಲಿ ತಮ್ಮವರೆನ್ನುವವರು ಯಾರೂ ಉಳಿದಿರಲಿಲ್ಲ, ಆ ಗಿಡದ ಹೊರತು. ಅದರ ಒಂದು ಮೊಗ್ಗನ್ನಾದರೂ ಮಾವನವರ ಲಿಂಗಪೂಜೆಗೆ ಕೊಡಬೇಕೆಂಬುದು ಅತ್ತೆಯ ಹಟ. ಗಿಡಕ್ಕೆ ಬೇರೆಯದೇ ಹಟ. ಅದು ಎಲೆ ಉದುರಿಸುತ್ತಾ ನಿಂತಿತು.

ನಾನು ಮೊಬೈಲಿನಲ್ಲಿ ನಾಲ್ಕಾರು ವಿಡಿಯೋ ನೋಡಿ ಪಂಡಿತೆಯಾದೆ. ಹಿತ್ತಲಲ್ಲಿ ಗುಂಡಿ ತೋಡಿಸಿ ಸಿಪ್ಪೆ, ಒಣ ಎಲೆ, ಸಗಣಿಯನ್ನು ಪದರ ಪದರವಾಗಿ ಹಾಕಿದೆ. ಎಲ್ಲ ಸರಿಯಾಗಿಯೇ ನಡೆದಿತ್ತು, ಒಂದು ಬೆಳಿಗ್ಗೆ ಮಾವನವರು ಪೂಜೆ ಮುಗಿಸಿ, ಲಿಂಗದ ಮೇಲಿಂದ ಇಳಿಸಿದ ಪತ್ರೆ-ಹೂವನ್ನೆಲ್ಲ ಬುಟ್ಟಿಯಲ್ಲಿ ತಂದು ಅದೇ ಗುಂಡಿಗೆ ಹಾಕುವವರೆಗೆ. ಮೊದಲೆಲ್ಲ ಬಾವಿಗೆ ಬಿಡುತ್ತಿದ್ದರು. ಬಾವಿಗೆ ಜಾಲರಿ ಬಿಗಿದ ಮೇಲೆ, ಯಾರೂ ತುಳಿಯದ ಜಾಗ ಹುಡುಕುತ್ತಿದ್ದರಂತೆ. ಸಿಕ್ಕಿತಲ್ಲ, ನನ್ನ ಗುಂಡಿ!

"ಇನ್ನ ಮ್ಯಾಲೆ ಇಲ್ಲಿ ಚಪ್ಪಲಿ ಹಾಕ್ಕೊಂಡು ಬರಬ್ಯಾಡ್ರಿ. ಎಂಜಲ ಹಾಕಬ್ಯಾಡ್ರಿ. ಗುದ್ದಲಿ ಮುಟ್ಟಿಸಬ್ಯಾಡ್ರಿ," ಎಂದು ಅಪ್ಪಣೆಯಾಯಿತು.

"ಮತ್ತ ಗೊಬ್ಬರ ಹೆಂಗ ತಗೀಬೇಕ್ರಿ ಮಾವಾರ?"

"ಅದು ಈಗ ಗೊಬ್ಬರ ಅಲ್ಲಮ್ಮಾ."

ಆಗಾಗ ತಿರುವಿ ಹಾಕಬೇಕೆಂದು ವಿಡಿಯೋದವನು ಹೇಳಿದ್ದ. ಮಾವನವರ ಮುಂದೆ ಅವನದೇನು ನಡೆದೀತು? ಗುಂಡಿ ತುಂಬಿದಾಗ ಸಗಣಿ-ಮಣ್ಣು ಮೆತ್ತಿ, ಮೇಲೆ ದುಂಡಗೆ ಸಾರಿಸಿದೆ. ಕೈ ಚೆನ್ನಾಗಿಯೇ ಕೂತಿತ್ತು; ಅದೇ ಫಜೀತಿ. ಹರಪನಹಳ್ಳಿ ಕಡೆಯಿಂದ ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಗಂಗಕ್ಕ ಕಾಂಪೌಂಡಿನಾಚೆಯಿಂದ ನೋಡಿದರು. ಸ್ವಾಮಿಗಳ ಸಮಾಧಿಯಂಥ ದುಂಡನೆಯ ದಿಬ್ಬ, ಅದರ ಮೇಲೆ ದಿನವೂ ಪತ್ರೆ-ವಿಭೂತಿ, ಎದುರಿಗೆ ಬರಿಗಾಲಲ್ಲಿ ನಿಂತ ಹಿರಿಯರು. ನಮ್ಮ ಕಡೆಯವರಿಗೆ ಇನ್ನೇನು ಬೇಕು?

"ಯಾವ ಅಜ್ಜಾರ ಗದ್ದಿಗಿರಿ ಇದು?"

"ಹೀರಿಕಾಯಿ ಅಜ್ಜಾರು, ಬದನಿಕಾಯಿ ಅಜ್ಜಾರು, ಭಾಳ ಮಂದಿ ಐಕ್ಯ ಆಗ್ಯಾರ್ರಿ," ಎಂದೆ.

ಗಂಗಕ್ಕ "ಶಿವಾ ಶಿವಾ" ಎಂದು ಕೈಮುಗಿದರು. ಹೇಳಬಾರದ ಗುಟ್ಟೇನೋ ಇದೆ, ಅದಕ್ಕೇ ಸೊಸೆ ಚೇಷ್ಟೆ ಮಾಡಿ ಮರೆಮಾಚುತ್ತಾಳೆ ಎಂದುಕೊಂಡರಂತೆ. ಮರುದಿನದಿಂದ ಊದಿನಕಡ್ಡಿ ಶುರು. ಆಮೇಲೆ, ಮೆತ್ತಿದ್ದು ಬಿರುಕು ಬಿಟ್ಟು ಅಂಚಿನಿಂದ ಉದುರಿದ ಕರಿ ಮಣ್ಣನ್ನು ಪ್ರಸಾದವೆಂದು ಸೆರಗಿಗೆ ಕಟ್ಟಿಕೊಂಡು ಹೋಗಿ ತಮ್ಮ ದಾಸವಾಳದ ಬುಡಕ್ಕೆ ಹಾಕತೊಡಗಿದರು. ಪ್ರಸಾದ ಬೇಡವೆನ್ನಲು ಮಾವನವರಿಗೂ ಬಾಯಿ ಬರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಆ ದಾಸವಾಳ ಕಾಂಪೌಂಡು ಮೀರಿ ಬೆಳೆದು ನಮ್ಮ ಹಿತ್ತಲಿಗೇ ಇಣುಕಿತು. ಈಚೆ ತವರಿನ ಮಲ್ಲಿಗೆ ಬರೀ ಕಡ್ಡಿಯಾಗಿತ್ತು.

ಅತ್ತೆಯ ತಾಳ್ಮೆ ಮುಗಿಯಿತು. ಕಣ್ಣೊರೆಸಿಕೊಂಡು ಮಾವನವರ ಎದುರಿಗೇ ನಿಂತರು. "ಲಿಂಗದ ಮ್ಯಾಲಿಂದ ಇಳಿದದ್ದು ಅದು. ಮಲ್ಲಿಗಿಗೆ ಹಾಕಿದ್ರ ಮೊಗ್ಗಾಗಿ ತಿರುಗಿ ಲಿಂಗಕ್ಕೇ ಏರತೈತಿ. ನಡಕ ನೀವ್ಯಾಕ ಅಡ್ಡ ಕುಂತೀರಿ? ನನ್ನ ತವರು ಅಂದ್ರ ಇದೊಂದ ಐತಿ. ಇದೂ ಒಣಗ್ಲೇನು?"

ಮಾವನವರು ಎದ್ದು ಸ್ನಾನ ಮಾಡಿ ಬಂದು, ಬರಿಗಾಲಲ್ಲಿ ಕುಕ್ಕರಗಾಲಿನಲ್ಲಿ ಕೂತು, ಬರಿಗೈಯಿಂದ ಗದ್ದುಗೆ ಒಡೆದು, ಬೊಗಸೆ ಬೊಗಸೆಯಾಗಿ ಗೊಬ್ಬರವನ್ನು ಮಲ್ಲಿಗೆಗೆ ಹಾಕಿದರು. ನಗು ತಡೆದುಕೊಂಡು ನಿಂತಿದ್ದ ನಾನು ಒಂದು ಚೊಂಬು ನೀರು ತಂದು ಗಿಡದ ಬುಡಕ್ಕೆ ಹೊಯ್ದೆ. ಬೇಸಿಗೆಗೆ ಗಿಡ ಮೊಗ್ಗು ಬಿಟ್ಟಿತು. ಮೊದಲ ಮೊಗ್ಗು ಲಿಂಗಕ್ಕೇರಿದ ದಿನ ಮಾವನವರು "ನನ್ನ ಪತ್ರಿ ಮಹಿಮಾ" ಎಂದರು. ಅತ್ತೆ "ನನ್ನ ತವರಿಂದು" ಎಂದರು. ವಿಡಿಯೋ ನೋಡಿದವಳ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಹೋದ ವರ್ಷ ಮಾವನವರು ಲಿಂಗೈಕ್ಯರಾದರು. ಬುಟ್ಟಿಗಟ್ಟಲೆ ಪತ್ರೆ ಬೀಳುವುದು ನಿಂತಿತು. ಗುಂಡಿಯತ್ತ ಹೋಗಲು ನನಗೂ ಮನಸ್ಸಾಗದೆ ಚೀಲದ ಗೊಬ್ಬರ ಮನೆ ಸೇರಿತು.

ಇವತ್ತು ಮಧ್ಯಾಹ್ನ ಊಟದ ಎಂಜಲನ್ನು ಕಸದ ಗಾಡಿಗೆಂದು ಡಬ್ಬಿಗೆ ತುಂಬುತ್ತಿದ್ದೆ. ಅತ್ತೆ ಗುಲಾಬಿ ಚಿತ್ರದ ಚೀಲವನ್ನು ಕಾಲಿನಿಂದ ಸರಿಸಿ, "ಈ ಪುಡಿ ಯಾಕ ಬೇಕಿತ್ತು? ಗುಂಡಿ ಖಾಲಿ ಬಿದ್ದೈತಿ. ಎಂಜಲ ಅಲ್ಲೇ ಹಾಕು. ಅದು ಈಗ ಬರೀ ತಿಪ್ಪಿ," ಎಂದರು.

"ಬ್ಯಾಡ್ರಿ ಅತ್ತಿ. ಮಾವಾರು ಬಯ್ತಾರ." ಬಾಯಿ ತಪ್ಪಿ ಬಂದುಬಿಟ್ಟಿತು.

ಅತ್ತೆ ಮಲ್ಲಿಗೆಯ ಕಡೆ ನೋಡುತ್ತಾ ಹೇಳಿದರು: "ಹಾಕು. ಒಂದ್ಸಲ ಬಂದು ಬಯ್ಲಿ."

ಚಪ್ಪಲಿ ಬಿಟ್ಟು ಹೋಗಿ ಡಬ್ಬಿ ಸುರಿದೆ. ಇಬ್ಬರೂ ಸ್ವಲ್ಪ ಹೊತ್ತು ಅಲ್ಲೇ ನಿಂತು ಕಾಯ್ದೆವು.